ಓಡಿದವರು ಯಾರು, ಹೆಸರು ಯಾರದ್ದು?

ಕಟಪಾಡಿ ಬೀಡಿನ ಕಂಬಳಕ್ಕೋ, ಕಾರ್ಕಳದ ಮಿಯಾರು ಕಂಬಳಕ್ಕೋ ಹೋದವರು ಇದನ್ನು ಕೇಳಿಯೇ ಇರುತ್ತೀರಿ. ಕೋಣಗಳು ಗಂತಿನಿಂದ ಹೊರಟು ಹದಿಮೂರು ಹದಿನಾಲ್ಕು ಸೆಕೆಂಡಿನಲ್ಲಿ ಮಂಜೊಟ್ಟಿ ಮುಟ್ಟುತ್ತವೆ. ಕೆಸರು ನೀರು ಆಳೆತ್ತರ ಹಾರುತ್ತದೆ. ಆಮೇಲೆ ಮೈಕಿನಲ್ಲಿ ಫಲಿತಾಂಶ. ಮೊದಲು ಊರಿನ ಹೆಸರು, ಮನೆತನದ ಹೆಸರು, ಯಜಮಾನರ ಹೆಸರು. ನಂತರ ಅದು 'ಎ' ಜೋಡಿಯೋ 'ಬಿ' ಜೋಡಿಯೋ ಎಂಬ ವಿವರ. ಕೊನೆಗೆ, "ಓಡಿಸಿದವರು..." ಎಂದು ಇನ್ನೊಂದು ಹೆಸರು.

ಈ ಕ್ರಮ ತಪ್ಪು ಎಂದು ನಾವು ಹೇಳುತ್ತಿಲ್ಲ. ಕೋಣ ಸಾಕುವುದು ಹುಡುಗಾಟವಲ್ಲ. ಹುರುಳಿ ಬೇಯಿಸಬೇಕು, ಎಣ್ಣೆ ತಿಕ್ಕಬೇಕು, ಈಜಿಸಬೇಕು, ಆಳು ಇಡಬೇಕು. ವರ್ಷವಿಡೀ ಖರ್ಚು, ಬಹುಮಾನ ಸಿಗುವುದು ಪವನ್ ಲೆಕ್ಕದಲ್ಲಿ. ಯಜಮಾನರಿಗೆ ಅದು ಮನೆತನದ ಮರ್ಯಾದೆಯ ವಿಷಯ. ಆದ್ದರಿಂದ ಮೊದಲು ಅವರ ಹೆಸರು ಬರುತ್ತದೆ.

ಆದರೆ 2020ರ ಫೆಬ್ರವರಿಯಲ್ಲಿ ಒಮ್ಮೆ ಈ ಕ್ರಮ ತಲೆಕೆಳಗಾಯಿತು. ಓಡಿಸಿದವನ ಹೆಸರು ಇಡೀ ಜಗತ್ತಿಗೆ ಕೇಳಿಸಿತು. ಆ ಹದಿನೈದು ದಿನಗಳಲ್ಲಿ ಒಂದು ಹೆಸರು, ಒಂದು ಮುಖ ಹೇಗೆ ಬೆಲೆಬಾಳುವ ವಸ್ತುವಾಯಿತು, ಆ ಬೆಲೆ ಯಾರ ಕೈ ಸೇರಿತು ಎಂದು ನೋಡಿದರೆ ಆಟಗಾರರ, ಸಿನಿಮಾ ನಟರ ನೂರು ವರ್ಷಗಳ ಕಥೆ ಅರ್ಥವಾಗುತ್ತದೆ. ಇವತ್ತು ಈ ಕಥೆ ದೊಡ್ಡವರದ್ದು ಮಾತ್ರವಲ್ಲ. ಕೈಯಲ್ಲಿ ಫೋನ್ ಇರುವ ಪ್ರತಿಯೊಬ್ಬರದ್ದೂ ಹೌದು.

ಹದಿನೈದು ದಿನದ ಖ್ಯಾತಿ

2020ರ ಫೆಬ್ರವರಿ 1. ಕಿನ್ನಿಗೋಳಿ ಹತ್ತಿರದ ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ ಕಂಬಳ. ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಕಂಬಳ ಇಲ್ಲದ ದಿನಗಳಲ್ಲಿ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದ ಯುವಕ ಅವರು.

ಯಾರೋ ಕ್ಯಾಲ್ಕುಲೇಟರ್ ಹಿಡಿದರು. 13.62 ಅನ್ನು 142.5ರಿಂದ ಭಾಗಿಸಿ 100ರಿಂದ ಗುಣಿಸಿದರು. ಬಂದದ್ದು 9.55 ಸೆಕೆಂಡ್. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ 100 ಮೀಟರ್ ವಿಶ್ವ ದಾಖಲೆ 9.58. ಸರಿ, "ಬೋಲ್ಟ್‌ಗಿಂತ ವೇಗದ ಭಾರತೀಯ" ಎಂಬ ಸುದ್ದಿ ಹುಟ್ಟಿತು.

ಈ ಲೆಕ್ಕ ಬರೀ ತ್ರೈರಾಶಿ. ಕೆಸರಿನ ಕರೆ ಬೇರೆ, ಸಿಂಥೆಟಿಕ್ ಟ್ರ್ಯಾಕ್ ಬೇರೆ. ಮುಂದೆ ಎಳೆಯುವ ಕೋಣಗಳ ಬಲವೂ ಓಟಕ್ಕೆ ಸೇರುತ್ತದೆ. ಕಂಬಳ ಬಲ್ಲವರಿಗೆಲ್ಲ ಇದು ಗೊತ್ತಿತ್ತು, ಆದರೆ ವಿಡಿಯೋ ಓಡುವಾಗ ಅದನ್ನು ಕೇಳುವವರು ಯಾರು? ಸ್ವಲ್ಪ ದಿನದಲ್ಲೇ ಕಾರ್ಕಳ ತಾಲೂಕಿನ ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟಿಯವರು ವೇಣೂರಿನಲ್ಲಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಅದೇ ತ್ರೈರಾಶಿಯಲ್ಲಿ 9.51. ಅಲ್ಲಿಗೆ ಹೊಸ ತಲೆಬರಹ ಬಂತು.

ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಶ್ರೀನಿವಾಸ ಗೌಡರನ್ನು ಭಾರತೀಯ ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆದರು. ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ ಬೆಂಗಳೂರಿಗೆ ಕರೆಸಿ ಸನ್ಮಾನಿಸಿ 3 ಲಕ್ಷ ರೂಪಾಯಿ ಕೊಟ್ಟರು. ದೇಶದ, ಹೊರದೇಶದ ಚಾನೆಲ್‌ಗಳು ಸಾಲುಗಟ್ಟಿ ನಿಂತವು.

ಶ್ರೀನಿವಾಸ ಗೌಡರು ಏನು ಮಾಡಿದರು? ಟ್ರಯಲ್ಸ್ ಬೇಡ ಎಂದರು. ತನ್ನ ಗಮನ ಕಂಬಳದ ಮೇಲಿದೆ ಎಂದರು. ಟ್ರ್ಯಾಕಿನ ಓಟದಲ್ಲಿ ಕಾಲಿನ ತುದಿಯ ಬಳಕೆ, ಕಂಬಳದಲ್ಲಿ ಹಿಮ್ಮಡಿಯ ಬಳಕೆ, ಎರಡೂ ಬೇರೆ ಎಂದು ವಿವರಿಸಿದರು. ಈ ಯಶಸ್ಸಿನಲ್ಲಿ ಕೋಣಗಳ ಪಾಲೂ ಇದೆ ಎಂದರು.

ಹೊರಗಿನ ಹಲವರಿಗೆ ಇದು ಸಿಕ್ಕ ಅವಕಾಶವನ್ನು ಕೈಬಿಟ್ಟಂತೆ ಕಂಡಿತು. ನಮಗೆ ಹಾಗೆ ಕಾಣುವುದಿಲ್ಲ. ಜಗತ್ತು ಅವರ ಮೇಲೆ 'ಭಾರತದ ಬೋಲ್ಟ್' ಎಂಬ ವೇಷ ಹಾಕಲು ಹೊರಟಿತ್ತು. ಅವರು 'ನಾನು ಕಂಬಳದ ಓಟಗಾರ' ಎಂಬ ತಮ್ಮದೇ ಗುರುತನ್ನು ಹಿಡಿದು ನಿಂತರು. ದೊಡ್ಡ ದೊಡ್ಡ ತಾರೆಯರು ಮ್ಯಾನೇಜರ್ ಇಟ್ಟುಕೊಂಡು ಮಾಡುವ ಕೆಲಸವನ್ನು ಅವರು ಒಬ್ಬರೇ ಮಾಡಿದರು. ತನ್ನ ಚಿತ್ರ ಹೇಗಿರಬೇಕು ಎಂದು ತಾನೇ ತೀರ್ಮಾನಿಸುವುದು ಎಂದರೆ ಇದೇ.

ಆದರೆ ಅದು ಅರ್ಧ ಕೆಲಸ ಮಾತ್ರ. ಉಳಿದ ಅರ್ಧ ದುಡ್ಡಿನದ್ದು. ಆ ವಿಡಿಯೋ ಕೋಟ್ಯಂತರ ಜನರ ಕಣ್ಣು ಸೆಳೆಯಿತು, ಮತ್ತು ಇವತ್ತಿನ ಲೋಕದಲ್ಲಿ ಕಣ್ಣು ಸೆಳೆದಲ್ಲೆಲ್ಲ ಜಾಹೀರಾತು ಇರುತ್ತದೆ. ಜಾಹೀರಾತಿನ ಹಣ ವಿಡಿಯೋ ಹಾಕಿದವರಿಗೆ, ಅದನ್ನು ತೋರಿಸಿದ ಕಂಪನಿಗಳಿಗೆ ಹೋಗುತ್ತದೆ. ಓಡಿದವನಿಗೆ ಅದರಲ್ಲಿ ಪಾಲು ಕೊಡುವ ಏರ್ಪಾಡೇ ಇಲ್ಲ.

ದುಡ್ಡು ಮುಟ್ಟಿದರೆ ಮೈಲಿಗೆ

ಒಂದು ಕಾಲದಲ್ಲಿ ಆಟಗಾರ ದುಡ್ಡು ಮುಟ್ಟುವುದೇ ಅಪರಾಧವಾಗಿತ್ತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್ ಎರಡು ಚಿನ್ನ ಗೆದ್ದರು. ಮರುವರ್ಷ ಅವನ್ನು ಕಿತ್ತುಕೊಳ್ಳಲಾಯಿತು. ತಪ್ಪೇನು? ಅದಕ್ಕೂ ಮೊದಲು ಸಣ್ಣ ಬೇಸ್‌ಬಾಲ್ ತಂಡಗಳಲ್ಲಿ ಆಡಿ ಅಷ್ಟಿಷ್ಟು ಸಂಬಳ ಪಡೆದಿದ್ದರು. ಥಾರ್ಪ್ 1953ರಲ್ಲಿ ತೀರಿಕೊಂಡರು. ಗೆಲುವು ಅವರೊಬ್ಬರದ್ದೇ ಎಂದು ಒಲಿಂಪಿಕ್ ಸಮಿತಿ ಪೂರ್ತಿಯಾಗಿ ಒಪ್ಪಿದ್ದು 2022ರಲ್ಲಿ.

'ಹವ್ಯಾಸಿ' ಎಂಬ ಈ ನಿಯಮ ಕೇಳಲು ಚೆಂದ. ಆದರೆ ಮನೆಯಲ್ಲಿ ಆಸ್ತಿ ಇದ್ದವನಿಗೆ ಅದು ಹೊರೆಯಲ್ಲ, ಕೂಲಿ ಮಾಡುವವನಿಗೆ ಅದು ಬಾಗಿಲಿಗೆ ಹಾಕಿದ ಅಗುಳಿ.

ನಮ್ಮ ಜಿಲ್ಲೆಯ ಹೆಸರು ಈ ಕಥೆಯೊಳಗೆ ಬರುವುದು ಇಲ್ಲೇ. ಮರವಂತೆ ಸಮೀಪ, ಸೌಪರ್ಣಿಕೆಯ ಮಗ್ಗುಲಲ್ಲಿ ಪಡುಕೋಣೆ ಎಂಬ ಊರಿದೆ. ಆ ಊರಿನ ಹೆಸರು ಹೊತ್ತ ಕುಟುಂಬದ ಹುಡುಗ ಪ್ರಕಾಶ್ ಪಡುಕೋಣೆ ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಬ್ಯಾಡ್ಮಿಂಟನ್ ಕಲಿತರು. ಅದು ಮದುವೆ ಹಾಲ್. ಮದುವೆ ಇದ್ದ ದಿನ ಆಟವಿಲ್ಲ. ತಂದೆ ರಮೇಶ್ ಪಡುಕೋಣೆ ರಾಜ್ಯದ ಬ್ಯಾಡ್ಮಿಂಟನ್ ಸಂಘ ಕಟ್ಟಿ ಬೆಳೆಸಿದವರು.

ಪ್ರಕಾಶ್ ಸತತ 9 ವರ್ಷ ರಾಷ್ಟ್ರೀಯ ಚಾಂಪಿಯನ್ ಆದರು. 1980ರ ಮಾರ್ಚ್‌ನಲ್ಲಿ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಆಗಷ್ಟೇ ಬ್ಯಾಡ್ಮಿಂಟನ್ ತನ್ನ ಹವ್ಯಾಸಿ ನಿಯಮವನ್ನು ಸಡಿಲಿಸತೊಡಗಿತ್ತು. ಆ ಕಾಲದ ಬಹುಪಾಲು ಭಾರತೀಯ ಆಟಗಾರರಿಗೆ ಇದ್ದ ಆಸರೆ ಎಂದರೆ ಬ್ಯಾಂಕಿನದ್ದೋ ರೈಲ್ವೆಯದ್ದೋ ನೌಕರಿ. ಮುಖ ಮಾರಿ ಬದುಕುವ ಮಾತೇ ಇರಲಿಲ್ಲ.

ಅದೇ ಮನೆಯ ಮಗಳು ದೀಪಿಕಾ 2006ರಲ್ಲಿ 'ಐಶ್ವರ್ಯ' ಎಂಬ ಕನ್ನಡ ಸಿನಿಮಾದಿಂದ ತೆರೆಗೆ ಬಂದರು. ಹದಿನಾರು ವರ್ಷಗಳ ನಂತರ, 2022ರಲ್ಲಿ, ಫ್ರಾನ್ಸಿನ ಐಷಾರಾಮಿ ಕಂಪನಿ ಲೂಯಿ ವಿಟ್ಟಾನ್‌ನ ರಾಯಭಾರಿಯಾದರು, ತಮ್ಮದೇ ಚರ್ಮಾರೈಕೆ ಬ್ರ್ಯಾಂಡ್ ತೆರೆದರು, ಕತಾರ್‌ನಲ್ಲಿ ಫುಟ್ಬಾಲ್ ವಿಶ್ವಕಪ್ ಅನಾವರಣ ಮಾಡಿದರು. ಒಂದೇ ಮನೆ, ಒಂದೇ ಹೆಸರು. ಅಪ್ಪನ ಕಾಲದಲ್ಲಿ ಹೆಸರು ಗೌರವ ತಂದಿತು. ಮಗಳ ಕಾಲದಲ್ಲಿ ಅದು ಬಂಡವಾಳವೂ ಆಯಿತು. ನಡುವೆ ಏನು ಬದಲಾಯಿತು?

ಚೂಯಿಂಗ್ ಗಮ್ಮಿನಿಂದ ಶುರುವಾದ ಹಕ್ಕು

ಬದಲಾವಣೆ ಶುರುವಾದದ್ದು ಅಮೆರಿಕದಲ್ಲಿ, ಚೂಯಿಂಗ್ ಗಮ್ಮಿನ ಪೊಟ್ಟಣದಿಂದ. ಅಲ್ಲಿ ಗಮ್ ಜೊತೆ ಬೇಸ್‌ಬಾಲ್ ಆಟಗಾರರ ಫೋಟೋ ಕಾರ್ಡ್ ಕೊಡುತ್ತಿದ್ದರು. ನಮ್ಮ ಮಕ್ಕಳು ಹಿಂದೆ ಬಬಲ್‌ಗಮ್ಮಿನಲ್ಲಿ ಕ್ರಿಕೆಟಿಗರ ಚಿತ್ರ ಕೂಡಿಡುತ್ತಿದ್ದ ಹಾಗೆ. ಒಬ್ಬ ಆಟಗಾರ ಒಂದು ಕಂಪನಿಗೆ ಮಾತ್ರ ಫೋಟೋ ಕೊಡುತ್ತೇನೆಂದು ಒಪ್ಪಿದ ಮೇಲೂ ಇನ್ನೊಂದು ಕಂಪನಿ ಅವನ ಫೋಟೋ ಹಾಕಿತು. ಜಗಳ ಕೋರ್ಟಿಗೆ ಹೋಯಿತು. 1953ರಲ್ಲಿ ತೀರ್ಪು ಬಂತು: ಖಾಸಗಿತನದ ಮಾತು ಒತ್ತಟ್ಟಿಗಿರಲಿ, ತನ್ನ ಚಿತ್ರದ ಪ್ರಚಾರ ಮೌಲ್ಯದ ಮೇಲೆ ಆಟಗಾರನಿಗೆ ಹಕ್ಕಿದೆ, ಅದನ್ನು ಬೇಕಾದವರಿಗೆ ಕೊಡಬಹುದು. ಅಂದರೆ ಮುಖವೂ ಗದ್ದೆಯ ಹಾಗೆ. ಗೇಣಿಗೆ ಕೊಡಬಹುದು, ಕದ್ದು ಉಳುವವನನ್ನು ತಡೆಯಬಹುದು.

1960ರ ಹೊತ್ತಿಗೆ ಮಾರ್ಕ್ ಮೆಕಾರ್ಮಕ್ ಎಂಬ ವಕೀಲರು ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಜೊತೆ ಕೈಕುಲುಕಿ ಅವರ ವ್ಯವಹಾರ ವಹಿಸಿಕೊಂಡರು. ಆಟಗಾರ ಆಡಲಿ, ಅವನ ಹೆಸರಿನ ವ್ಯಾಪಾರ ನಾವು ನೋಡಿಕೊಳ್ಳುತ್ತೇವೆ ಎಂಬ ಹೊಸ ಉದ್ಯೋಗ ಹೀಗೆ ಬೆಳೆಯಿತು.

ಭಾರತದಲ್ಲಿ ಇದನ್ನು ದೊಡ್ಡದಾಗಿ ಮಾಡಿ ತೋರಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಮಾರ್ಕ್ ಮಸ್ಕರೇನ್ಹಸ್. ಅಮೆರಿಕದಲ್ಲಿ ವರ್ಲ್ಡ್‌ಟೆಲ್ ಕಂಪನಿ ಕಟ್ಟಿದ ಅವರು 1995ರಲ್ಲಿ ಸಚಿನ್ ತೆಂಡೂಲ್ಕರ್ ಜೊತೆ ಒಪ್ಪಂದ ಮಾಡಿಕೊಂಡರು. ಆಗ ಮನೆಮನೆಗೆ ಕೇಬಲ್ ಟಿವಿ ಬರುತ್ತಿದ್ದ ಕಾಲ. ಜಾಹೀರಾತು ಸಿಗಲಿ ಬಿಡಲಿ, ಸಚಿನ್‌ಗೆ ಇಂತಿಷ್ಟು ಕೋಟಿ ಖಾತ್ರಿ ಎಂಬ ಒಪ್ಪಂದ ಅದು. ಭಾರತದಲ್ಲಿ ಆಟಗಾರನ ಮುಖಕ್ಕೆ ಹೀಗೆ ಮುಂಗಡವಾಗಿ ಕೋಟಿಗಳ ಬೆಲೆ ಕಟ್ಟಿದ್ದು ಅಲ್ಲಿಯವರೆಗೆ ಯಾರೂ ಕಾಣದ ಸಂಗತಿ. ಮಸ್ಕರೇನ್ಹಸ್ 2002ರ ಜನವರಿಯಲ್ಲಿ ನಾಗಪುರದ ಹತ್ತಿರ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ತೋರಿಸಿದ ದಾರಿ ಮಾತ್ರ ಹೆದ್ದಾರಿಯಾಯಿತು.

ಮಾರದೆ ಉಳಿಸಿಕೊಂಡವರು

ಇದೇ ನಾಡಿನಲ್ಲಿ ಇನ್ನೊಂದು ದಾರಿಯೂ ಇತ್ತು. ಇನ್ನೂರಕ್ಕೂ ಹೆಚ್ಚು ಸಿನಿಮಾ ಮಾಡಿದ ಡಾ. ರಾಜ್‌ಕುಮಾರ್ ಜಾಹೀರಾತಿಗೆ ಮುಖ ಕೊಡಲಿಲ್ಲ. ಕೊಟ್ಟದ್ದು ನಂದಿನಿ ಹಾಲಿಗೆ, ಅದೂ ಸಂಭಾವನೆ ಇಲ್ಲದೆ. ನಂದಿನಿ ಎಂದರೆ ಹಳ್ಳಿಯ ಡೈರಿಗೆ ಹಾಲು ಹಾಕುವ ರೈತರ ಸಂಸ್ಥೆ. ಮಗ ಪುನೀತ್ ಬೇರೆ ಜಾಹೀರಾತುಗಳಲ್ಲಿ ಕಾಣಿಸಿಕೊಂಡರೂ ನಂದಿನಿಯ ವಿಷಯದಲ್ಲಿ ಅಪ್ಪನ ದಾರಿಯನ್ನೇ ಹಿಡಿದರು.

ಇದನ್ನು ಬರೀ ದೊಡ್ಡ ಮನಸ್ಸು ಎಂದು ಹೇಳಿ ಮುಗಿಸಬಾರದು. ಇದೂ ತನ್ನ ಚಿತ್ರದ ಮೇಲಿನ ಹಿಡಿತವೇ. ಎಲ್ಲದಕ್ಕೂ ಮುಖ ಕೊಟ್ಟಿದ್ದರೆ ಹಾಲಿನ ಪ್ಯಾಕೆಟಿಗೆ ಕೊಟ್ಟ ಮುಖಕ್ಕೆ ಅಷ್ಟು ತೂಕ ಇರುತ್ತಿರಲಿಲ್ಲ. 'ಬೇಡ' ಎನ್ನುವ ಶಕ್ತಿ ಇದ್ದವನ 'ಆಗಲಿ'ಗೇ ಬೆಲೆ. ಐಕಳದ ಓಟಗಾರ ಟ್ರಯಲ್ಸ್ ಬೇಡ ಎಂದಾಗಲೂ ಅದೇ ಶಕ್ತಿ ಕಾಣಿಸಿತ್ತು.

2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ಮೇಲೆ ಅವರ ಚಿತ್ರ ಇಲ್ಲದ ಊರಿಲ್ಲ. ರಿಕ್ಷಾದ ಹಿಂದೆ, ಸೆಲೂನಿನಲ್ಲಿ, ಹಬ್ಬದ ಬ್ಯಾನರಿನಲ್ಲಿ ಅವರು ನಗುತ್ತಿದ್ದಾರೆ. ಬಹುಪಾಲು ಪ್ರೀತಿಯಿಂದ ಹಾಕಿದ್ದು. ಆದರೆ ಯಾರಾದರೂ ವ್ಯಾಪಾರಕ್ಕೆ ಬಳಸಿದರೆ? ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ, ಇಂಥ ಹಕ್ಕು ವ್ಯಕ್ತಿಯ ಸಾವಿನೊಂದಿಗೆ ಮುಗಿಯುತ್ತದೆ ಎಂದು ಹೇಳಿತು. ಸತ್ತವರ ಮುಖ ಕಾಯುವ ಕೆಲಸ ಕೊನೆಗೆ ಜನರ ಮರ್ಯಾದೆಗೇ ಬಿಟ್ಟದ್ದು.

ಕೋರ್ಟು ಹೇಳಿದ್ದು

ಭಾರತದಲ್ಲಿ 'ಹೆಸರು-ಮುಖದ ಹಕ್ಕು' ಎಂಬ ಪ್ರತ್ಯೇಕ ಕಾನೂನು ಇಲ್ಲ. ತೀರ್ಪುಗಳ ಮೇಲೆ ತೀರ್ಪು ಸೇರಿ ಅದು ಬೆಳೆದಿದೆ.

1994ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಆಟೋ ಶಂಕರ್ ಎಂಬ ಕೊಲೆ ಅಪರಾಧಿಯ ಆತ್ಮಕಥೆಯ ಪ್ರಕರಣ ಬಂತು. ಒಂದು ತಮಿಳು ಪತ್ರಿಕೆ ಅದನ್ನು ಪ್ರಕಟಿಸಬಹುದೇ ಎಂಬುದು ಪ್ರಶ್ನೆ. ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಪ್ರಕಟಿಸಬಹುದು ಎಂದ ಕೋರ್ಟ್, ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿತು: ಒಪ್ಪಿಗೆ ಇಲ್ಲದೆ ಒಬ್ಬರ ಹೆಸರನ್ನೋ ಚಿತ್ರವನ್ನೋ ಜಾಹೀರಾತು ಮುಂತಾದುದಕ್ಕೆ ಬಳಸಿದರೆ ಅದು ಖಾಸಗಿತನದ ಉಲ್ಲಂಘನೆ.

2012ರಲ್ಲಿ ಅಮಿತಾಭ್ ಮತ್ತು ಜಯಾ ಬಚ್ಚನ್ ಇದ್ದ ತನಿಷ್ಕ್ ಜಾಹೀರಾತನ್ನು ಬೇರೊಬ್ಬ ಚಿನ್ನದ ವ್ಯಾಪಾರಿ ತನ್ನ ಹೋರ್ಡಿಂಗಿಗೆ ಹಾಕಿಕೊಂಡಾಗ ದೆಹಲಿ ಹೈಕೋರ್ಟ್ ತಡೆಯಿತು. 2015ರಲ್ಲಿ, ಒಂದು ಕಾಲಕ್ಕೆ ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿದ ರಜನೀಕಾಂತ್, ತಮ್ಮ ಹೆಸರು ಮತ್ತು ಶೈಲಿ ಬಳಸಿದ ಹಿಂದಿ ಸಿನಿಮಾ ವಿರುದ್ಧ ಮದ್ರಾಸ್ ಹೈಕೋರ್ಟಿನಲ್ಲಿ ಗೆದ್ದರು.

2017ರ ಆಗಸ್ಟ್ 24ರ ತೀರ್ಪು ಎಲ್ಲಕ್ಕಿಂತ ದೊಡ್ಡದು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ತನ್ನ ಹೆಸರು, ಚಿತ್ರವನ್ನು ಒಪ್ಪಿಗೆ ಇಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು ವ್ಯಕ್ತಿ ತಡೆಯಬಹುದು ಎಂಬ ಮಾತು ಆ ತೀರ್ಪಿನ ಒಂದು ಭಾಗದಲ್ಲಿದೆ. ಅಲ್ಲಿ ಹೇಳಿರುವುದು 'ತಾರೆ' ಎಂದಲ್ಲ, 'ವ್ಯಕ್ತಿ' ಎಂದು. ಈ ಪದವನ್ನು ನೆನಪಿಡಿ.

ಕ್ರೀಡೆಯಲ್ಲಿ ಇದರ ಬಿಸಿ ಮುಟ್ಟಿದ್ದು 2021ರಲ್ಲಿ. ಟೋಕಿಯೋದಲ್ಲಿ ಪಿ.ವಿ. ಸಿಂಧು ಕಂಚು ಗೆದ್ದ ಕೂಡಲೇ ಹಲವು ಕಂಪನಿಗಳು ಅವರ ಚಿತ್ರಕ್ಕೆ ತಮ್ಮ ಲೋಗೋ ಅಂಟಿಸಿ 'ಅಭಿನಂದನೆ' ಹಾಕಿದವು. ಸಿಂಧು ಪರ ವ್ಯವಹಾರ ನೋಡುವ ಸಂಸ್ಥೆ ನೋಟಿಸ್ ಕಳುಹಿಸಿತು. ಅಭಿನಂದನೆ ಹೇಳುವುದಾದರೆ ಹೇಳಿ, ಅದರ ನೆಪದಲ್ಲಿ ಬಿಟ್ಟಿ ಜಾಹೀರಾತು ಬೇಡ ಎಂಬುದು ಅವರ ವಾದ.

ಈ ಹಕ್ಕಿಗೆ ಮಿತಿಯೂ ಇದೆ. ಆನ್‌ಲೈನ್ ಕ್ರಿಕೆಟ್ ಆಟವೊಂದರ ಬಗ್ಗೆ 2023ರಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ಮಧ್ಯಂತರ ಆದೇಶದಲ್ಲಿ, ಆಟಗಾರರ ಹೆಸರು, ರನ್ನು, ವಿಕೆಟ್ಟಿನಂಥ ಬಹಿರಂಗ ಮಾಹಿತಿ ಎಲ್ಲರಿಗೂ ಸೇರಿದ್ದು ಎಂದಿತು. ಸುದ್ದಿ ಬರೆಯುವುದು, ವಿಮರ್ಶೆ ಮಾಡುವುದು, ವ್ಯಂಗ್ಯಚಿತ್ರ ಬಿಡಿಸುವುದು ತಪ್ಪಾಗಬಾರದು. ಇಲ್ಲದಿದ್ದರೆ ಕಂಬಳದ ಫಲಿತಾಂಶ ಬರೆಯಲಿಕ್ಕೂ ನಾವು ಅನುಮತಿ ಕೇಳಬೇಕಾದೀತು!

2025ರಲ್ಲಿ ಈ ಕಥೆ ಮತ್ತೆ ಕರಾವಳಿಗೆ ಬಂತು. ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ದೆಹಲಿ ಹೈಕೋರ್ಟಿಗೆ ಹೋದರು. ಅಕ್ಟೋಬರಿನಲ್ಲಿ ಮೂಲ್ಕಿಯಲ್ಲಿ ಹುಟ್ಟಿದ ಸುನಿಲ್ ಶೆಟ್ಟಿ ಬಾಂಬೆ ಹೈಕೋರ್ಟಿಗೆ ಹೋದರು. ಇಬ್ಬರ ದೂರೂ ಹೆಚ್ಚುಕಡಿಮೆ ಒಂದೇ: ಅನುಮತಿ ಇಲ್ಲದೆ ತಮ್ಮ ಹೆಸರು, ಚಿತ್ರ ಬಳಸಿ ವ್ಯಾಪಾರ ನಡೆಯುತ್ತಿದೆ, ಎಐ ಬಳಸಿ ನಕಲಿ ಚಿತ್ರ, ವಿಡಿಯೋ ಮಾಡುತ್ತಿದ್ದಾರೆ. ಇಬ್ಬರಿಗೂ ಮಧ್ಯಂತರ ರಕ್ಷಣೆ ಸಿಕ್ಕಿತು.

ಒಳ್ಳೆಯದು. ಆದರೆ ಹೈಕೋರ್ಟಿಗೆ ಹೋಗಲು ಹಿರಿಯ ವಕೀಲರು ಬೇಕು. ಇಂಟರ್‌ನೆಟ್ಟಿನಲ್ಲಿ ಯಾರು ಏನು ಹಾಕುತ್ತಾರೆ ಎಂದು ದಿನವೂ ನೋಡುವ ಜನ ಬೇಕು. ಹಕ್ಕು ಎಲ್ಲರಿಗೂ ಇದೆ, ಅದನ್ನು ಚಲಾಯಿಸುವ ಖರ್ಚು ಎಲ್ಲರ ಹತ್ತಿರ ಇಲ್ಲ.

ಹಾವಾಡಿಗನಿದ್ದಾನೆ, ಓಟಗಾರನಿಲ್ಲ

ಕೃತಿಸ್ವಾಮ್ಯ ಕಾಯಿದೆಯಲ್ಲಿ ಒಂದು ಕುತೂಹಲದ ಪಟ್ಟಿ ಇದೆ. 'ಪ್ರದರ್ಶಕ' ಎಂದರೆ ಯಾರು ಎಂದು ಅದು ಹೇಳುತ್ತದೆ: ನಟ, ಗಾಯಕ, ವಾದ್ಯಗಾರ, ನರ್ತಕ, ದೊಂಬರಾಟದವ, ಕೈಚಳಕದವ, ಜಾದೂಗಾರ, ಹಾವಾಡಿಗ, ಉಪನ್ಯಾಸಕಾರ, 'ಅಥವಾ ಪ್ರದರ್ಶನ ನೀಡುವ ಇತರ ಯಾವುದೇ ವ್ಯಕ್ತಿ'. ಇವರ ಪ್ರದರ್ಶನವನ್ನು ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಮಾರುವುದರ ವಿರುದ್ಧ 50 ವರ್ಷಗಳ ಹಕ್ಕಿದೆ.

ಯಕ್ಷಗಾನದ ಭಾಗವತರು, ವೇಷಧಾರಿಗಳು ಈ ಪಟ್ಟಿಯೊಳಗೆ ಸಲೀಸಾಗಿ ಬರುತ್ತಾರೆ. ಆದರೂ ರಾತ್ರಿಯಿಡೀ ನಡೆದ ಆಟದ ವಿಡಿಯೋ ಬೆಳಗಾಗುವಾಗ ಯಾರ್ಯಾರದೋ ಚಾನೆಲಿನಲ್ಲಿ ಇರುತ್ತದೆ. ಹಕ್ಕಿದೆ ಎಂದು ಕಲಾವಿದರಿಗೇ ಗೊತ್ತಿರುವುದು ಅಪರೂಪ. ಕ್ರೀಡಾಪಟುವಿನ ಹೆಸರಂತೂ ಪಟ್ಟಿಯಲ್ಲಿ ಇಲ್ಲವೇ ಇಲ್ಲ. 'ಇತರ ಯಾವುದೇ ವ್ಯಕ್ತಿ'ಯೊಳಗೆ ಕಂಬಳದ ಓಟಗಾರ ಬರುತ್ತಾನೆಯೇ? ವಾದ ಮಾಡಬಹುದು. ವಾದ ಮಾಡುವವರು ಬೇಕು.

ಗುಳ್ಳಕ್ಕೆ ಸಿಕ್ಕಿದ ಮರ್ಯಾದೆ

ಒಬ್ಬೊಬ್ಬರೇ ಕೋರ್ಟಿಗೆ ಹೋಗಲಾರದವರು ಏನು ಮಾಡಬೇಕು? ಉತ್ತರ ನಮ್ಮ ಕಾಪು ಕಡೆಯ ಗದ್ದೆಗಳಲ್ಲೇ ಇದೆ.

ಮಟ್ಟುವಿನ ಗುಳ್ಳ ಗೊತ್ತಲ್ಲ? ವಾದಿರಾಜರು ಬೀಜ ಕೊಟ್ಟರು ಎಂಬ ನಂಬಿಕೆಯ ಬದನೆ. ಅದರ ರುಚಿಗೆ ಹೆಸರು ಬಂದ ಮೇಲೆ ಎಲ್ಲೆಲ್ಲಿಯದೋ ಗುಳ್ಳ 'ಮಟ್ಟುಗುಳ್ಳ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ದುಡಿದದ್ದು ಮಟ್ಟುವಿನವರು, ಹೆಸರಿನ ಲಾಭ ಇನ್ನೊಬ್ಬರಿಗೆ. ಸಿನಿಮಾ ತಾರೆಯರ ದೂರಿಗೂ ಇದಕ್ಕೂ ವ್ಯತ್ಯಾಸ ಏನು?

1999ರ ಭೌಗೋಳಿಕ ಸೂಚಕ ಕಾಯಿದೆ 2003ರಲ್ಲಿ ಜಾರಿಗೆ ಬಂದ ಮೇಲೆ ಇದಕ್ಕೆ ದಾರಿ ಸಿಕ್ಕಿತು. ಮಟ್ಟುಗುಳ್ಳಕ್ಕೂ, ಶಂಕರಪುರದ ಸುತ್ತ ಬೆಳೆಯುವ ಉಡುಪಿ ಮಲ್ಲಿಗೆಗೂ ಜಿಐ ಮಾನ್ಯತೆ ಬಂತು. ಗುಳ್ಳ ಬೆಳೆಗಾರರು ಸಂಘ ಕಟ್ಟಿ ಕಾಯಿಗಳಿಗೆ ತಮ್ಮ ಸ್ಟಿಕ್ಕರ್ ಹಚ್ಚಿದರು. ಒಬ್ಬ ಬೆಳೆಗಾರನಿಂದ ಆಗದ್ದು ಸಂಘದಿಂದ ಆಯಿತು.

ಇದರ ತಿರುಗುಮುರುಗು ಉದಾಹರಣೆಯೂ ನಮ್ಮದೇ. 'ಉಡುಪಿ ಹೋಟೆಲ್' ಎಂಬ ಹೆಸರು ಮುಂಬೈ, ಚೆನ್ನೈ ದಾಟಿ ಹೊರದೇಶಕ್ಕೂ ಹೋಗಿದೆ. ಆ ಹೆಸರಿಗೆ ವಾರಸುದಾರರೇ ಇಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಬಹುದು, ಸಾಂಬಾರು ಹೇಗಿದ್ದರೂ ಸರಿ. ಊರ ಹೆಸರು ಬೆಳೆಯಿತು, ಕಾಯುವವರು ಇರಲಿಲ್ಲ.

ಗುಳ್ಳಕ್ಕೆ ಸಂಘ ಇದೆ, ಸ್ಟಿಕ್ಕರ್ ಇದೆ. ಕರೆಯಲ್ಲಿ ಕಾಲು ಪಣಕ್ಕಿಟ್ಟು ಓಡುವವನ ಹೆಸರಿಗೆ ಏನಿದೆ?

ನಾವು ಮಾಡಬಹುದಾದದ್ದು

ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ತೀರ್ಪಿನಿಂದ ಕಂಬಳಕ್ಕೆ ಕಂಟಕ ಬಂದಿತ್ತು. ರಾಜ್ಯ ಕಾನೂನು ತಿದ್ದಿತು. 2023ರ ಮೇ 18ರಂದು ಅದೇ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆಯಿತು. ಪ್ರಾಯೋಜಕರು, ಕ್ಯಾಮೆರಾ, ನೇರಪ್ರಸಾರ ಎಲ್ಲ ಬಂದಿವೆ. ದುಡ್ಡು ಬರುವ ಹೊತ್ತಿನಲ್ಲೇ ಕರಾರು ಬರೆಯಬೇಕು. ಬಂದು ಹಂಚಿಹೋದ ಮೇಲೆ ಬರೆಯಲಾಗದು.

ಕಂಬಳ ಸಮಿತಿ ನೇರಪ್ರಸಾರದ ಹಕ್ಕು ಕೊಡುವಾಗ ಓಟಗಾರರಿಗೂ ಒಂದು ಪಾಲು ಎಂದು ಬರೆಯಬಹುದು. ಅಪಘಾತ ವಿಮೆಗೆ ಆ ಹಣ ಹಾಕಿದರೂ ಸಾಕು. ಓಟಗಾರರು ತಮ್ಮದೇ ಹೆಸರಿನ ಪುಟ, ಚಾನೆಲ್ ಇಟ್ಟುಕೊಳ್ಳಬಹುದು, ಆಗ ಅಭಿಮಾನಿಗಳ ಹೆಸರಿನ ಹತ್ತು ಪುಟಗಳ ನಡುವೆ ಅಸಲಿ ಯಾವುದು ಎಂದು ಗೊತ್ತಾಗುತ್ತದೆ. ಅಂಗಡಿಯವರು ಬಂದು "ಒಂದು ಫೋಟೋ ಅಷ್ಟೆ" ಎಂದರೆ ಯಾವುದಕ್ಕೆ, ಎಷ್ಟು ದಿನಕ್ಕೆ, ಎಷ್ಟಕ್ಕೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಬಹುದು. ಕೇಳುವುದು ಅಹಂಕಾರವಲ್ಲ.

ಇನ್ನು ನೋಡುವವರಾದ ನಮ್ಮ ಪಾಲಿನದ್ದು. ದೊಡ್ಡವರ ಮುಖ ಕದ್ದಾಗ ಕೊನೆಗೆ ಪೆಟ್ಟು ಬೀಳುವುದು ಸಣ್ಣವರ ಜೇಬಿಗೆ. ಇನ್ಫೋಸಿಸ್ ನಾರಾಯಣ ಮೂರ್ತಿಯವರು ಹೂಡಿಕೆಯ ಆ್ಯಪ್ ಒಂದನ್ನು ಹೊಗಳುವ ಹಾಗೆ ನಕಲಿ ವಿಡಿಯೋ ಮಾಡಿದ್ದರು. ನಂಬಬೇಡಿ ಎಂದು 2023ರ ಡಿಸೆಂಬರಿನಲ್ಲಿ ಅವರೇ ಹೇಳಬೇಕಾಯಿತು. ಪರಿಚಿತ ಮುಖ ಕಂಡ ಕೂಡಲೇ ದುಡ್ಡು ಹಾಕಬೇಡಿ. ಹಾಕಿ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಿಮ್ಮದೇ ಚಿತ್ರ ತಿರುಚಿ ಹಾಕಿದ್ದರೆ ಆ ಜಾಲತಾಣದ ದೂರು ವಿಭಾಗಕ್ಕೆ ಬರೆಯಿರಿ. ಅಂಥದ್ದನ್ನು ಬೇಗ ತೆಗೆಯಬೇಕು ಎಂದು 2021ರ ಐಟಿ ನಿಯಮಗಳು ಹೇಳುತ್ತವೆ. ಇದಕ್ಕೆ ತಾರೆಯಾಗಿರಬೇಕಿಲ್ಲ. ಪುಟ್ಟಸ್ವಾಮಿ ತೀರ್ಪಿನ ಆ ಪದ ನೆನಪಿದೆಯಲ್ಲ, 'ವ್ಯಕ್ತಿ' ಎಂದು.

ಹೆಸರು ಗಳಿಸುವುದು ಒಂದು ಕೆಲಸ, ಗಳಿಸಿದ ಹೆಸರನ್ನು ಕಾಯುವುದು ಇನ್ನೊಂದು. ಥಾರ್ಪ್ ಮೊದಲನೆಯದನ್ನು ಮಾಡಿದರು, ಎರಡನೆಯದನ್ನು ಮಾಡಲು ಅವರನ್ನು ಬಿಡಲಿಲ್ಲ. ಸಚಿನ್‌ಗೆ ಕಾಯುವವರು ಸಿಕ್ಕಿದರು. ಗುಳ್ಳದ ರೈತರು ಸೇರಿ ಕಾಯ್ದರು.

ಮುಂದಿನ ಸಲ ಕಂಬಳಕ್ಕೆ ಹೋದಾಗ ಮಂಜೊಟ್ಟಿಯ ಹತ್ತಿರ ಸ್ವಲ್ಪ ನಿಲ್ಲಿ. ಮನೆತನದ ಹೆಸರು ಬರುತ್ತದೆ, ಚಪ್ಪಾಳೆ ತಟ್ಟಿ. ಆಮೇಲೆ "ಓಡಿಸಿದವರು" ಎಂದು ಮೈಕಿನಲ್ಲಿ ಬರುವಾಗ ಗದ್ದಲ ಶುರುವಾಗಿರುತ್ತದೆ, ಜನ ಮುಂದಿನ ಜೋಡಿ ನೋಡಲು ತಿರುಗಿರುತ್ತಾರೆ. ನೀವು ತಿರುಗಬೇಡಿ. ಆ ಹೆಸರನ್ನು ಕಿವಿಗೊಟ್ಟು ಕೇಳಿ. ವಿಡಿಯೋ ಹಾಕುವುದಾದರೆ ಆ ಹೆಸರನ್ನೂ ಬರೆಯಿರಿ.